ಅಪ್‌ಡೇಟ್: ಫ್ರಂಟ್‌ಎಂಡ್ ಇಂಟರ್‌ವ್ಯೂ ಮುಗಿಯಿತು

ದೊಡ್ಡ ಕಂಪನಿಯೊಂದರ ಫ್ರಂಟ್‌ಎಂಡ್ (ವೆಬ್‌ಸೈಟ್‌ನಲ್ಲಿ ಬಳಕೆದಾರರಿಗೆ ಕಾಣುವ ಭಾಗ ಕಟ್ಟುವ ಕೆಲಸ) ಇಂಟರ್‌ವ್ಯೂಗೆ ಅಲ್ಗಾರಿದಮ್ ಓದಲೋ, ಬರೀ ಜಾವಾಸ್ಕ್ರಿಪ್ಟ್ ಸಾಕೋ ಎಂದು ಕೇಳಿದ್ದೆ. ಎರಡನೆಯದಕ್ಕೇ ಜಾಸ್ತಿ ಸಮಯ ಕೊಡಿ ಎಂದವರಿಗೆ ಥ್ಯಾಂಕ್ಸ್. ನೀವು ಹೇಳಿದ್ದೇ ಸರಿ.

ಅಲ್ಗಾರಿದಮ್ ರೌಂಡ್ ಒಂದೇ ಇತ್ತು. ಹ್ಯಾಶ್ ಮ್ಯಾಪ್ (ಕೀ ಕೊಟ್ಟರೆ ಅದರ ಮೌಲ್ಯ ಬೇಗ ಹುಡುಕಿಕೊಡುವ ಡೇಟಾ ಜೋಡಣೆ) ಗೊತ್ತಿದ್ದರೆ ಸಾಕಾಗುವಂಥದ್ದು.

ನಿಜವಾಗಿ ಬೆವರಿಳಿಸಿದ್ದು, ಟೈಪ್ ಮಾಡುತ್ತಿದ್ದಂತೆ ಸಲಹೆ ತೋರಿಸುವ ಆಟೊಕಂಪ್ಲೀಟ್ ಸರ್ಚ್ ಬಾಕ್ಸ್ ಬರೆಯುವ ರೌಂಡ್. ರಿಯಾಕ್ಟ್‌ನಂಥ ರೆಡಿಮೇಡ್ ಜಾವಾಸ್ಕ್ರಿಪ್ಟ್ ಲೈಬ್ರರಿ ಬಳಸುವ ಹಾಗಿಲ್ಲ. ಪ್ರತಿ ಅಕ್ಷರಕ್ಕೂ ಸರ್ವರ್‌ಗೆ ರಿಕ್ವೆಸ್ಟ್ ಹೋಗದಂತೆ, ಕೋಡನ್ನು ತಡಮಾಡಿ ಓಡಿಸುವ ಸೆಟ್‌ಟೈಮ್‌ಔಟ್‌ನಲ್ಲೇ 300 ಮಿಲಿಸೆಕೆಂಡ್ ಡಿಬೌನ್ಸ್ (ಟೈಪಿಂಗ್ ಅಷ್ಟು ಹೊತ್ತು ನಿಂತ ಮೇಲಷ್ಟೇ ರಿಕ್ವೆಸ್ಟ್ ಕಳಿಸುವುದು) ಬರೆದೆ. ಮುಗಿಯಿತು ಅಂದುಕೊಂಡೆ. ಆಗ ಇಂಟರ್‌ವ್ಯೂ ಮಾಡುತ್ತಿದ್ದವರು, "ಹಳೆ ರಿಕ್ವೆಸ್ಟ್‌ನ ಉತ್ತರ ಹೊಸದಕ್ಕಿಂತ ತಡವಾಗಿ ಬಂದರೆ?" ಎಂದರು. ತಲೆ ಖಾಲಿ! ಡಿಬೌನ್ಸ್ ಇದನ್ನು ಪೂರ್ತಿ ತಡೆಯುವುದಿಲ್ಲ, ಅಲ್ವಾ? ಎರಡು ನಿಮಿಷ ಒದ್ದಾಡಿ, ಬ್ರೌಸರ್‌ನಲ್ಲೇ ಇರುವ ಅಬಾರ್ಟ್‌ಕಂಟ್ರೋಲರ್ ಹಾಕಿ ಹಳೆಯ ರಿಕ್ವೆಸ್ಟನ್ನು ರದ್ದು ಮಾಡಿದೆ. ಆರೋ ಕೀ ಒತ್ತಿ ಆಯ್ಕೆ ಮಾಡುವುದು, ಸ್ಕ್ರೀನ್ ರೀಡರ್‌ಗೆ (ಕಣ್ಣು ಕಾಣದವರಿಗೆ ಪರದೆಯನ್ನು ಓದಿ ಹೇಳುವ ಸಾಫ್ಟ್‌ವೇರ್) ಬೇಕಾದ ಎಚ್‌ಟಿಎಂಎಲ್ ಆಟ್ರಿಬ್ಯೂಟ್‌ಗಳು, ಇವೆಲ್ಲ ಅವರು ಕೇಳಿದ ಮೇಲೆಯೇ ನೆನಪಾದವು. ನಾಚಿಕೆಯಾಯಿತು.

ಇನ್ನೊಂದು ಮಾತು. ಸುಮ್ನೆ ಕೂತು ಕೋಡ್ ಬರೆಯಬೇಡಿ. ನಾನು ಯೋಚಿಸುತ್ತಿದ್ದುದನ್ನು ಬಾಯಿಬಿಟ್ಟು ಹೇಳಿದಾಗಲೇ ಅವರು ಸುಳಿವು ಕೊಟ್ಟಿದ್ದು.

ಫಲಿತಾಂಶ? ನಿನ್ನೆ ಆಫರ್ ಬಂತು. ಆದರೆ ನಾನು ಕೇಳಿದ್ದಕ್ಕಿಂತ ಒಂದು ಲೆವೆಲ್ ಕೆಳಗೆ. ಒಪ್ಪಿಕೊಳ್ಳಲೋ ಬೇಡವೋ ಎಂದು ಇನ್ನೂ ಯೋಚಿಸುತ್ತಿದ್ದೇನೆ.