ಬ್ರಿಟನ್‌ನಲ್ಲಿ ಎದುರಾಳಿಗೆ ಸೀಟು ಬಿಟ್ಟುಕೊಟ್ಟವರಿಗೆ ಏನು ಸಿಕ್ಕಿತು?

ಪ್ರಶ್ನೆ (ಸಿಂಹಗಡ್ ರೋಡ್, ಪುಣೆ)
ಇಲ್ಲಿ ಪಾಲಿಕೆ ಚುನಾವಣೆ ಬಂತಂದ್ರೆ ಯಾರಿಗೆ ಎಷ್ಟು ಸೀಟು ಅನ್ನೋ ಹಗ್ಗಜಗ್ಗಾಟ ಶುರು. ಬ್ರಿಟನ್‌ನಲ್ಲಿ ಎರಡೇ ಪಕ್ಷಗಳ ಪೈಪೋಟಿ ಅಂತ ಓದಿದ್ದೆ. ಅಲ್ಲೂ ಎದುರಾಳಿಗಳು ಸೀಟು ಹಂಚಿಕೊಂಡಿದ್ದುಂಟಾ? ಲಾಭ ದೊಡ್ಡ ಪಕ್ಷಕ್ಕೋ, ಸಣ್ಣದಕ್ಕೋ?

ಉತ್ತರ (ಕೊಥ್ರೂಡ್)
ಉಂಟು ರೀ. ನನ್ನ ಪ್ರಕಾರ 1903ರ ಒಪ್ಪಂದದ ಮುಂದೆ ಉಳಿದವೆಲ್ಲ ಸಣ್ಣವು. ಲಿಬರಲ್ ಪಕ್ಷದ ಮುಖ್ಯ ಸಚೇತಕ ಹರ್ಬರ್ಟ್ ಗ್ಲಾಡ್‌ಸ್ಟನ್ ಮತ್ತು ಆಗಿನ್ನೂ ಸಣ್ಣದಾಗಿದ್ದ ಲೇಬರ್ ಪಕ್ಷದ ಕಡೆಯ ರಾಮ್ಸೆ ಮ್ಯಾಕ್‌ಡೊನಾಲ್ಡ್ ಗುಟ್ಟಾಗಿ ಮಾತಾಡಿಕೊಂಡರು. ಕೆಲವು ಕಡೆ ಲೇಬರ್ ನಿಂತರೆ ಲಿಬರಲ್ ಅಡ್ಡ ಬರೋದಿಲ್ಲ ಅಂತ.

ಯಾಕೆ ಬೇಕಾಯ್ತು ಅಂದ್ರೆ ಲೆಸ್ಟರ್ ಕ್ಷೇತ್ರ ನೋಡಿ. ಆಗ ಅಲ್ಲಿಗೆ ಇಬ್ಬರು ಸಂಸದರು, ಮತದಾರನಿಗೆ ಎರಡು ಮತ. ನಮ್ಮ ಪುಣೆ ಪಾಲಿಕೆಯ ಪ್ರಭಾಗದಲ್ಲೂ (ವಾರ್ಡ್) ನಾಲ್ಕು ಸಲ ಬಟನ್ ಒತ್ತುತ್ತೀವಿ, ಆದರೆ ಅ, ಬ, ಕ, ಡ ಅಂತ ಪ್ರತಿ ಸೀಟಿಗೂ ಬೇರೆ ಪಟ್ಟಿ. ಅಲ್ಲಿ ಎಲ್ಲರೂ ಒಂದೇ ಪಟ್ಟಿಯಲ್ಲಿ, ಜಾಸ್ತಿ ಮತ ಬಿದ್ದ ಇಬ್ಬರು ಗೆದ್ದರು. 1900ರಲ್ಲಿ ಇಬ್ಬರು ಲಿಬರಲ್ ಜೊತೆಗೆ ಮ್ಯಾಕ್‌ಡೊನಾಲ್ಡ್ ಕೂಡ ನಿಂತರು. ಬಿದ್ದಿದ್ದು 4 ಸಾವಿರ ಚಿಲ್ಲರೆ ಮತ. ಅಷ್ಟಕ್ಕೇ ಮತ ಒಡೆದು ಒಂದು ಸೀಟು ಇಬ್ಬರಿಗೂ ಎದುರಾಳಿಯಾದ ಕನ್ಸರ್ವೇಟಿವ್ ಪಕ್ಷದ ಪಾಲಾಯ್ತು. 1906ರಲ್ಲಿ ಲಿಬರಲ್ ಒಬ್ಬರು, ಲೇಬರ್ ಒಬ್ಬರು. ಇಬ್ಬರೂ 14 ಸಾವಿರ ದಾಟಿದರು, ಎರಡೂ ಸೀಟು ಕೈಗೆ ಬಂತು.

ದೇಶದಲ್ಲಿ ಲೇಬರ್ 2ರಿಂದ 29 ಸೀಟಿಗೆ ಏರಿತು. ನನಗೆ ಬೇಸರ ಆಗೋದು ಇಲ್ಲೇ. ಆ ವರ್ಷ ಲಿಬರಲ್ ಅಲೆ ಎಷ್ಟಿತ್ತಂದ್ರೆ, ಈ ಒಪ್ಪಂದ ಇಲ್ಲದೆಯೂ ಸರ್ಕಾರ ಅವರದೇ ಆಗ್ತಿತ್ತು. ಸುಮ್ನೆ ಎದುರಾಳಿಗೆ ಕಾಲೂರಲು ಜಾಗ ಕೊಟ್ಟರು. 1924ರ ಜನವರಿಯಲ್ಲಿ ಅದೇ ಮ್ಯಾಕ್‌ಡೊನಾಲ್ಡ್ ಪ್ರಧಾನಿಯಾದರು. ಅಕ್ಟೋಬರ್ ಚುನಾವಣೆಯಲ್ಲಿ ಲಿಬರಲ್‌ಗೆ ಉಳಿದಿದ್ದು 40 ಸೀಟು.

ಉತ್ತರ (ಪಿಂಪ್ರಿ)
ಸರ್, ಪೂರ್ತಿ ಒಪ್ಪಲ್ಲ. ಲಿಬರಲ್ ಮನೆ ಒಳಗಿಂದಲೇ ಒಡೆದಿತ್ತು. 1916ರಲ್ಲಿ ಲಿಬರಲ್ ಪ್ರಧಾನಿ ಆಸ್ಕ್ವಿತ್ ಅವರನ್ನು ಇಳಿಸಿ ಅದೇ ಪಕ್ಷದ ಲಾಯ್ಡ್ ಜಾರ್ಜ್ ಪ್ರಧಾನಿಯಾದರು. 1918ರಲ್ಲಿ ಕನ್ಸರ್ವೇಟಿವ್ ಜೊತೆ ಸೇರಿ, ತಮಗೆ ಬೇಕಾದವರಿಗೆ ಮಾತ್ರ ಬೆಂಬಲದ ಪತ್ರ ಕೊಟ್ಟರು. ಪತ್ರ ಸಿಗದ ಲಿಬರಲ್‌ಗಳು ನೆಲಕಚ್ಚಿದರು. ಆಸ್ಕ್ವಿತ್ ಕೂಡ ಸೋತರು. ಹಳೇ ಒಪ್ಪಂದಕ್ಕಿಂತ ಈ ಏಟೇ ದೊಡ್ಡದು.

ಉತ್ತರ (ಕೊಥ್ರೂಡ್)
ಏಟು ದೊಡ್ಡದೇ, ಒಪ್ಪಿದೆ. ಆದರೆ ಲಿಬರಲ್ ಬಿದ್ದಾಗ ಆ ಜಾಗಕ್ಕೆ ಬರಲು ಲೇಬರ್ ತಯಾರಾಗಿ ನಿಂತಿತ್ತಲ್ವಾ? ಯಾರೂ ಸೀಟು ಬಿಟ್ಟುಕೊಡದೆ, ಕಾಲೂರಲು ಜಾಗ ಸಿಗದಿದ್ರೆ ಏನಾಗುತ್ತೆ ಅನ್ನೋದಕ್ಕೆ 1983 ನೋಡಿ. ಲಿಬರಲ್ ಮತ್ತು ಎಸ್‌ಡಿಪಿ (ಲೇಬರ್‌ನಿಂದ ಒಡೆದು ಬಂದ ಪಕ್ಷ) ಕೂಡಿ ಶೇ. 25ರಷ್ಟು ಮತ ಪಡೆದರೂ ಸಿಕ್ಕಿದ್ದು 23 ಸೀಟು. ಶೇ. 28ರ ಹತ್ತಿರ ಇದ್ದ ಲೇಬರ್‌ಗೆ 209.