ಅಪ್‌ಡೇಟ್: ರಿಯಾದ್‌ಗೆ ಏನೇನು ಒಯ್ಯಲಿ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ

ಜನವರಿಯಲ್ಲಿ ಅಕ್ಕನ ಮನೆಗೆ ಸೌದಿಗೆ ಹೋಗುವಾಗ ಅಬಾಯಾ (ಬಟ್ಟೆ ಮೇಲೆ ಹಾಕ್ಕೊಳ್ಳೋ ಉದ್ದನೆಯ ಸಡಿಲ ನಿಲುವಂಗಿ) ಕಡ್ಡಾಯವಾ ಅಂತ ಕೇಳಿದ್ದೆ. ನಿನ್ನೆ ಕಲಬುರಗಿಗೆ ವಾಪಸ್ ಬಂದೆ. ಕಡ್ಡಾಯ ಅಲ್ಲ. 2019ರಲ್ಲಿ ಪ್ರವಾಸಿ ವೀಸಾ ಶುರು ಮಾಡಿದಾಗಲೇ ಹೊರದೇಶದ ಹೆಂಗಸರಿಗೆ ಅದನ್ನು ಬಿಟ್ಟಿದ್ದಾರೆ, ಆದರೆ ಮೈ ಮುಚ್ಚುವ ಸಡಿಲ ಬಟ್ಟೆ ಬೇಕೇ ಬೇಕು. ನನಗೆ ಉದ್ದ ತೋಳಿನ ಕಾಟನ್ ಚೂಡಿದಾರ್, ದೊಡ್ಡ ದುಪಟ್ಟಾ ಸಾಕಾಯ್ತು.

ತಪ್ಪಿದ್ದು ಸ್ವೆಟರ್ ವಿಷಯದಲ್ಲಿ. ಮರಳುಗಾಡು ಅಲ್ವಾ, ಸೆಕೆ ಇರುತ್ತೆ ಅಂದ್ಕೊಂಡು ಒಂದೂ ಒಯ್ಯಲಿಲ್ಲ, ರಾತ್ರಿ ಚಳಿಗೆ ಅಕ್ಕನ ಶಾಲು ಹೊದ್ದೇ ಓಡಾಡಿದೆ.

ಇನ್ನೊಂದು, ದಯವಿಟ್ಟು ಗಸಗಸೆ ಮಾತ್ರ ಒಯ್ಯಬೇಡಿ. ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಸಿಕ್ಕಿಬಿದ್ದರೆ ಜೈಲು. ಅವ್ವ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಜೊತೆ ಮಸಾಲೆ ಪುಡಿನೂ ಕಟ್ಟಿದ್ದಳು, ಅದರಲ್ಲಿ ಗಸಗಸೆ ಹಾಕಿದ್ದಳಂತೆ. ಹೊರಡುವ ಹಿಂದಿನ ರಾತ್ರಿ ಕೇಳಿ ತೆಗೆದಿಟ್ಟೆ.