ನಿಮ್ಮ ಕಿವಿ ಪಳಗಿಸಿದ ಕ್ಯಾಸೆಟ್ ಯಾವ್ದ್ರಿ?

ಗಿರ್ಮಿಟ್_ಹುಬ್ಬಳ್ಳಿ: ಈಗ ಮಂದಿ ಫೋನಿನ್ಯಾಗ ಒಂದೊಂದ ಹಾಡ ಕೇಳ್ತಾರ, ಪೂರ್ತಿ ಆಲ್ಬಮ್ ಕುಂತು ಕೇಳೂದ ನಿಂತಹೋಗೇತಿ. ನಂದು ಅಶ್ವತ್ಥ್ ಹಾಡಿದ ಶರೀಫಜ್ಜನ ಪದದ ಕ್ಯಾಸೆಟ್‌ನಿಂದ ಶುರುವಾತು, ನಮ್ಮ ಹಾವೇರಿ ಕಡೆ ಭಜನಿಯೊಳಗ ಕೇಳಿದ ಪದಾನ ಹಂಗ ಬ್ಯಾರೆ ಧಾಟಿಲೆ ಕೇಳಿ ಭಾವಗೀತೆ ಕಡೆ ಹೊಳ್ಳಿದೆ. ನಿಮ್ದು?

ಮಾಳಮಡ್ಡಿಯಾಂವ: ಮಲ್ಲಿಕಾರ್ಜುನ ಮನ್ಸೂರರ ಶಿವಮತ ಭೈರವ ರಾಗ. ಮೊದಲ ಏನೂ ತಿಳೀಲಿಲ್ಲ ಖರೇ. ಅವರ ಜೈಪುರ ಅತ್ರೌಲಿ ಘರಾಣೆಯಾಗ (ಹಿಂದೂಸ್ತಾನಿ ಹಾಡಿಕಿಯ ಒಂದ ಪರಂಪರೆ) ಆಲಾಪ ಎಳಿಯೂದ ಕಡಿಮಿ, ಮಧ್ಯಲಯದಾಗ ಬಂದಿಶ್ (ರಾಗದಾಗ ಕಟ್ಟಿದ ಹಾಡು) ಹಿಡದು ತಾನಿನ (ಸ್ವರಗಳ ಜೋರು ಓಟ) ಮ್ಯಾಲೆ ತಾನು, ಉಸಿರು ಎಲ್ಲಿ ತಗೊಂಡ್ರು ಅನ್ನೂದ ಗೊತ್ತಾಗಂಗಿಲ್ಲ. ರುಚಿ ಹತ್ತಿದ ಮ್ಯಾಲೆ ಸಿನಿಮಾ ಹಾಡ ಸಪ್ಪ ಆದ್ವು ಬಿಡ್ರಿ

ಗದಗಿನಾಕಿ: ಸಪ್ಪ ಯಾಕ ಆಗ್ತಾವ್ರಿ ಅಣ್ಣಾರ, ಎರಡೂ ಕೇಳಬೇಕು! ನಮ್ಮ ರೋಣದಾಗ ಹುಟ್ಟಿದ ಭೀಮಸೇನ ಜೋಶಿಯವರ ದಾಸವಾಣಿ ನೋಡ್ರಿ, ಹಿಂದೂಸ್ತಾನಿ ಖ್ಯಾಲ್ ಗಾಯನ ಅಂದ್ರ ಏನಂತ ಗೊತ್ತಿಲ್ಲದ ನಮ್ಮವ್ವನೂ ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಹಚ್ಚವಾ ಅಂತಾಳ. ನಾ ಅಲ್ಲಿಂದ ಅವರ ಕಿರಾಣಾ ಘರಾಣೆ ಹಿಡದೆ, ಆಮ್ಯಾಲೆ ಅದ ಘರಾಣೆಯ ಗಂಗೂಬಾಯಿ ಹಾನಗಲ್.

ಗಿರ್ಮಿಟ್_ಹುಬ್ಬಳ್ಳಿ: ಅಕ್ಕಾರ, ಗಂಗೂಬಾಯಿ ಅವರ ಹಳೇ 78 ಆರ್‌ಪಿಎಂ ಗ್ರಾಮೊಫೋನ್ ರೆಕಾರ್ಡ್ ಕೇಳೀರೇನು? ಆಗ ದನಿ ಸಣ್ಣ, ಆಮ್ಯಾಲಿಂದು ಗಂಡುದನಿ. ಎರಡೂ ಒಬ್ಬರದ ಅಂದ್ರ ನಮ್ಮ ಗೆಳ್ಯಾರು ಇನ್ನೂ ನಂಬವಲ್ರು.